ಜರ್ಮನಿಗೆ ಹೊರಡುವ ಮಗ್ಗದ ಮನೆಯವರಿಗೆ

ಸೋಮನೂರಿನ ನಮ್ಮ ದೇವಾಂಗರ ಕೇರಿಯಲ್ಲಿ ಈಗ ಜರ್ಮನಿಯಲ್ಲಿ ಕೆಲಸಕ್ಕಿರುವ ಮಕ್ಕಳಿದ್ದಾರೆ. ನಾನೂ ನಮ್ಮ ಯಜಮಾನರೂ ಮಗಳನ್ನು ನೋಡಲು ಫ್ರಾಂಕ್‌ಫರ್ಟ್‌ಗೆ ಹೋಗಿಬಂದ ಮೇಲೆ, ಮನೆಗೆ ಬಂದವರೆಲ್ಲ ಕೇಳುವುದು ಒಂದೇ: "ಟಿಕೆಟ್ಟಿಗೆ ಎಷ್ಟಾಯ್ತಕ್ಕ?" ಟಿಕೆಟ್ಟಿನ ಮಾತು ಆಮೇಲೆ ಆಡೋಣ, ಮೊದಲು ನಿಮ್ಮ ಪಾಸ್‌ಬುಕ್ ತೆಗೆಯಿರಿ ಅಂತ ನಾನು ಹೇಳುತ್ತೇನೆ.

ಕೂಲಿ ನೇಯ್ಗೆಯ ಮನೆಗಳಲ್ಲಿ ದುಡ್ಡು ಹೇಗೆ ಓಡಾಡುತ್ತದೆ ಎಂಬುದು ನಮಗೆಲ್ಲ ಗೊತ್ತು. ಬಟ್ಟೆ ಕೊಟ್ಟರೆ ಕೂಲಿ ಕೈಗೆ ಬರುತ್ತದೆ. ಅದರಲ್ಲೇ ಆಳಿನ ಸಂಬಳ, ಕರೆಂಟು, ಬಿಡಿಭಾಗ ಎಲ್ಲ ಕಳೆದು ಉಳಿದದ್ದು ಬೀರುವಿಗೆ ಹೋಗುತ್ತದೆ. ವರ್ಷವಿಡೀ ಮಗ್ಗ ಓಡಿರುತ್ತದೆ, ಆದರೆ ಬ್ಯಾಂಕಿನ ಲೆಕ್ಕದಲ್ಲಿ ಅದರ ಗುರುತೇ ಇರುವುದಿಲ್ಲ. ವೀಸಾ ಅಧಿಕಾರಿ ನೋಡುವುದು ಆ ಲೆಕ್ಕವನ್ನೇ: ಇವರಿಗೆ ಊರಲ್ಲಿ ದುಡಿಮೆ ಇದೆಯೇ, ತಿರುಗಿ ಬರುತ್ತಾರೆಯೇ? ಅರ್ಜಿ ಹಾಕುವ ವಾರ ಐದಾರು ಲಕ್ಷ ತಂದು ಖಾತೆಗೆ ತುಂಬಿದರೆ ಅನುಮಾನ ಹೆಚ್ಚುತ್ತದೆ. "ದುಡ್ಡು ನಾನು ಹಾಕಿಸ್ತೀನಿ, ಕಮಿಷನ್ ಕೊಡಿ" ಅಂತ ನಮಗೂ ಒಬ್ಬ ಏಜೆಂಟ್ ಹೇಳಿದ. ನಾವು ಒಪ್ಪಲಿಲ್ಲ, ನೀವೂ ಒಪ್ಪಬೇಡಿ. ಹೊರಡುವ ವರ್ಷಕ್ಕೆ ಮೊದಲೇ ಕೂಲಿ ಹಣವನ್ನು ಖಾತೆಗೆ ಬರುವಂತೆ ಮಾಡಿಕೊಳ್ಳಿ. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೂ ರಿಟರ್ನ್ ಸಲ್ಲಿಸಿ. ಮಗ್ಗದ ಉದ್ಯಮ್ ನೋಂದಣಿ, ಮನೆಯ ಪತ್ರ ಜೊತೆಗಿರಲಿ. ಮಕ್ಕಳೇ ಖರ್ಚು ನೋಡಿಕೊಳ್ಳುವುದಾದರೆ, ಅವರು ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಹೊಣೆ ಪತ್ರ ಬರೆದುಕೊಡಬಹುದು. ಅದು ಬರೀ ಆಮಂತ್ರಣವಲ್ಲ, ಕಾನೂನಿನ ಹೊಣೆ, ಆಸ್ಪತ್ರೆ ಖರ್ಚೂ ಅದರಲ್ಲಿ ಸೇರುತ್ತದೆ. ಮಕ್ಕಳು ಅದನ್ನು ತಿಳಿದೇ ಸಹಿ ಹಾಕಲಿ.

ಜರ್ಮನಿಗೆ ಬೇಕಾದ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಅರ್ಜಿ ಕೇಂದ್ರದವರ ಶುಲ್ಕ ಬೇರೆ. ವೀಸಾ ಸಿಗದಿದ್ದರೆ ಈ ಹಣ ವಾಪಸಿಲ್ಲ. ಕಡಿಮೆಯೆಂದರೆ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಬಿಪಿ, ಸಕ್ಕರೆ ಕಾಯಿಲೆ ಇರುವವರು ಕಂತು ಕಡಿಮೆ ಅಂತ ವಿಮೆ ಆರಿಸಬೇಡಿ. ಮೊದಲೇ ಇರುವ ಕಾಯಿಲೆಗೆ ಅದರಲ್ಲಿ ಏನು ಸಿಗುತ್ತದೆ ಎಂದು ಕೇಳಿ, ಬರಹದಲ್ಲಿ ಪಡೆಯಿರಿ.

ದುಡ್ಡು ಒಯ್ಯುವ ವಿಷಯ. ನಾವು ಸ್ವಲ್ಪ ಯೂರೋ ನೋಟು, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ ಒಯ್ದೆವು. ಜರ್ಮನಿಯಲ್ಲಿ ಚಿಕ್ಕ ಹೋಟೆಲು, ಬೇಕರಿಗಳಲ್ಲಿ ಈಗಲೂ ನಗದನ್ನೇ ಕೇಳುವವರಿದ್ದಾರೆ. ಒಂದು ಹಣಕಾಸು ವರ್ಷದಲ್ಲಿ ಹೊರದೇಶಕ್ಕೆ ಕಳಿಸುವ, ಒಯ್ಯುವ ಹಣ ಒಟ್ಟು 10 ಲಕ್ಷ ದಾಟಿದರೆ, ದಾಟಿದ ಮೊತ್ತಕ್ಕೆ ಟಿಸಿಎಸ್ ಎಂಬ ತೆರಿಗೆಯನ್ನು ಮೊದಲೇ ಹಿಡಿಯುತ್ತಾರೆ. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 7 ಲಕ್ಷ ಇತ್ತು. ಹಿಡಿದ ಹಣ ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ. ರಿಟರ್ನ್ ಹಾಕಿ ಅಂದದ್ದಕ್ಕೆ ಇದೂ ಒಂದು ಕಾರಣ.

ಹಣ ಸೋರುವ ದೊಡ್ಡ ಜಾಗ ಎಟಿಎಂ. ಫ್ರಾಂಕ್‌ಫರ್ಟ್ ರೈಲು ನಿಲ್ದಾಣದ ಹತ್ತಿರ 100 ಯೂರೋ ತೆಗೆಯಲು ಕಾರ್ಡ್ ಹಾಕಿದೆ. ಭಾರತದ ಕಾರ್ಡೆಂದು ಗುರುತು ಹಿಡಿದ ಯಂತ್ರ, ಯೂರೋ ಬದಲು ರೂಪಾಯಿಯಲ್ಲೇ ಲೆಕ್ಕ ತೋರಿಸಿ ಒಪ್ಪಿಗೆ ಕೇಳಿತು. ರೂಪಾಯಿ ಕಂಡರೆ ನಮ್ಮ ಕೈ ತಾನಾಗಿ ಒಪ್ಪಿಗೆಯ ಗುಂಡಿಗೆ ಹೋಗುತ್ತದೆ. ಒತ್ತಬೇಡಿ. ಆ ದರ ಯಂತ್ರದವರದು, ಅವರ ಲಾಭ ಅದರಲ್ಲೇ ಸೇರಿರುತ್ತದೆ. ಯೂರೋ ತುಂಬಿದ ಫಾರೆಕ್ಸ್ ಕಾರ್ಡಾದರೆ ಯೂರೋ ರೂಪಾಯಿಯಾಗಿ, ರೂಪಾಯಿ ಮತ್ತೆ ಯೂರೋ ಆಗಿ ಎರಡು ಸಲ ಕಡಿತ. ಪರಿವರ್ತನೆ ಬೇಡ ಅಂತ ಒತ್ತಿದರೂ ನೋಟು ಬರುತ್ತದೆ. ನಾನು ಹಾಗೇ ಮಾಡಿದೆ. ಅಂಗಡಿಯಲ್ಲಿ ಕಾರ್ಡ್ ಉಜ್ಜುವಾಗಲೂ ಯೂರೋ ಅಂತಲೇ ಹೇಳಿ.

ಓಡಾಟಕ್ಕೆ ಡಾಯ್ಚ್‌ಲ್ಯಾಂಡ್‌ಟಿಕೆಟ್ ಒಳ್ಳೆಯದು. 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ಊರ ಬಸ್ಸು, ಟ್ರಾಮು, ನಿಧಾನದ ರೈಲುಗಳು ಅದರಲ್ಲಿ ಸೇರುತ್ತವೆ, ಐಸಿಇಯಂಥ ವೇಗದ ರೈಲು ಸೇರುವುದಿಲ್ಲ. ಅದು ತಿಂಗಳು ತಿಂಗಳೂ ಮುಂದುವರಿಯುವ ಚಂದಾ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ. ನಮ್ಮ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ, ಆ ಅಭ್ಯಾಸ ಅಲ್ಲಿ ನಡೆಯದು. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದರೆ ದಂಡ 60 ಯೂರೋ. ಪ್ಲಾಸ್ಟಿಕ್ ನೀರಿನ ಬಾಟಲಿಗೆ 25 ಸೆಂಟ್ ಠೇವಣಿ ಹಿಡಿಯುತ್ತಾರೆ. ಖಾಲಿ ಬಾಟಲಿಯನ್ನು ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿ ಚೀಟಿ ತೆಗೆದುಕೊಂಡು ಕೌಂಟರಿನಲ್ಲಿ ಕೊಟ್ಟರೆ ದುಡ್ಡು ವಾಪಸ್. ಮನೆಯ ನಲ್ಲಿ ನೀರೇ ಕುಡಿಯಲು ಚೆನ್ನಾಗಿದೆ, ನಾವು ಅದನ್ನೇ ತುಂಬಿಕೊಂಡು ಹೋಗುತ್ತಿದ್ದೆವು. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತನ್ನಿ.

ಮುಂದಿನ ಬೇಸಿಗೆಗೆ ಹೋಗಬೇಕೆಂದಿರುವವರು ಈ ವಾರದ ಕೂಲಿಯಿಂದಲೇ ಬ್ಯಾಂಕಿಗೆ ಹಾಕಲು ಶುರುಮಾಡಿ.