ಕಡೇ ಮನೆಯ ನಳದ ನೀರು

ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಹುಡುಕುವವರು ಬಾಡಿಗೆ ಕೇಳುವ ಮೊದಲೇ ‘ನೀರು ಎಷ್ಟ ದಿನಕ್ಕೊಮ್ಮೆ ಬಿಡ್ತಾರ್ರಿ?’ ಅಂತ ಕೇಳುತ್ತಾರೆ. ವಾರಕ್ಕೊಮ್ಮೆ ಅಂದರೆ ಪುಣ್ಯ. ಸವದತ್ತಿ ಹತ್ತಿರ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ತುಂಬಿ ತುಳುಕುವಾಗಲೂ ನಮ್ಮ ಓಣಿಯ ಬ್ಯಾರಲ್ಲುಗಳು ಬರಿದಾಗಿದ್ದುಂಟು. ಹಿಂಗಾಗಿ ನಮ್ಮ ಜಗಳವೆಲ್ಲ ಎಷ್ಟು ಬಂತು, ಯಾವಾಗ ಬಂತು ಎನ್ನುವುದರದ್ದೇ. ಬಂದ ನೀರು ಎಂಥದ್ದು ಎಂದು ನಾನು ವಿಚಾರ ಮಾಡಿದ್ದು, ಒಂದು ಮಳೆಗಾಲ ಟೈಫಾಯ್ಡ್ ನಮ್ಮ ಸಾಲಿನ ಮನೆಗಳನ್ನು ಹೊಕ್ಕ ಮೇಲೆ.

ಓಣಿಗೆ ನೀರು ಬಿಡುವ ವಾಲ್‌ಮನ್ ಹೇಳಿಕೊಟ್ಟ ಪಾಠ ಮೊದಲನೆಯದು. ‘ಅಕ್ಕಾರ, ಮೊದಲಿನ ನೀರು ಬಳಕಿಗೆ ಹಿಡೀರಿ. ಕುಡಿಯಾಕ ಆಮ್ಯಾಲ ತುಂಬ್ರಿ.’ ಅವರು ರಸಾಯನಶಾಸ್ತ್ರ ಓದಿದವರಲ್ಲ, ಪೈಪು ಬಲ್ಲವರು. ನೀರು ಬಂದ್ ಮಾಡಿದಾಗ ಪೈಪಿನೊಳಗಿನ ಒತ್ತಡ ಬೀಳುತ್ತದೆ. ಒತ್ತಡವಿದ್ದಾಗ ಯಾವ ಸಂದಿಯಿಂದ ನೀರು ಹೊರಗೆ ಸೋರುತ್ತದೋ, ಅದೇ ಸಂದಿಯಿಂದ ಆಗ ಹೊರಗಿನ ಕೊಳೆ ಒಳಗೆ ಬರುತ್ತದೆ. ಪೈಪಿನ ಪಕ್ಕದಲ್ಲೇ ಗಟಾರ. ನೀರು ಬಿಟ್ಟ ಕೂಡಲೇ ನಳಕ್ಕೆ ನೇರವಾಗಿ ಮೋಟಾರು ಹಚ್ಚುವವರಿಂದ ಈ ಎಳೆತ ಇನ್ನೂ ಜೋರಾಗುತ್ತದೆ. ನಮ್ಮ ಓಣಿಯ ಹಿರಿಯರೇ ಹಚ್ಚುತ್ತಾರೆ, ಹೇಳುವವರಾರು?

ಇದು ಓಣಿಯ ಊಹೆಯಲ್ಲ. ವಿಶ್ವಬ್ಯಾಂಕಿನ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ದಿನವಿಡೀ ನೀರು ಕೊಡಲು ಶುರುಮಾಡಿದರು. ನಡೆಸಿದ್ದು ಖಾಸಗಿ ಕಂಪನಿ. ಒಂದೇ ಊರಿನಲ್ಲಿ ಎರಡು ನಮೂನೆಯ ನೀರು ಸಿಕ್ಕಿದ್ದರಿಂದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇಲ್ಲಿಗೇ ಬಂದು ಅಳೆದರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಬಿಟ್ಟುಬಿಟ್ಟು ಬರುವ ನಳಗಳ ಮಾದರಿಗಳಲ್ಲಿ ಶೇ 31.7ರಲ್ಲಿ ಇ-ಕೋಲಿ, ಅಂದರೆ ಮಲದ ಗುರುತು, ಸಿಕ್ಕಿತು. ದಿನವಿಡೀ ಬರುವ ಕಡೆ ಶೇ 0.7. 2015ರ ಇನ್ನೊಂದು ಅಧ್ಯಯನದಲ್ಲಿ ನಿರಂತರ ನೀರಿದ್ದ ಮನೆಗಳಲ್ಲಿ ಟೈಫಾಯ್ಡ್ ಸುಮಾರು ಶೇ 40ರಷ್ಟು ಕಡಿಮೆ ಕಂಡಿತು. ಚಿಕ್ಕ ಮಕ್ಕಳ ಸಾಮಾನ್ಯ ಭೇದಿ ಮಾತ್ರ ಇಳಿದಿರಲಿಲ್ಲ. ಕಂಪನಿಯನ್ನು ಹೊಗಳುವವರು ಈ ಕಡೇ ಸಾಲನ್ನು ಬಿಡುತ್ತಾರೆ, ಬೈಯುವವರು ಮೊದಲಿನ ಎರಡನ್ನೂ ಬಿಡುತ್ತಾರೆ.

ಆಮೇಲೆ ನಾನು, ರೋಗಾಣು ಕೊಲ್ಲಲು ನೀರಿಗೆ ಹಾಕುವ ಕ್ಲೋರಿನ್ ನಳದವರೆಗೆ ಉಳಿದಿದೆಯೇ ಎಂದು ನೋಡುವ ಸಣ್ಣ ಕಿಟ್ ತಂದೆ. ಗಾಜಿನ ನಳಿಗೆಗೆ ನೀರು, ಅದಕ್ಕೆ ಕೆಲವು ಹನಿ ದ್ರಾವಣ. ಕ್ಲೋರಿನ್ ಉಳಿದಿದ್ದರೆ ಹಳದಿ ಬಣ್ಣ ಏರುತ್ತದೆ, ಅದನ್ನು ಬಣ್ಣದ ಪಟ್ಟಿಗೆ ಹೊಂದಿಸಿ ನೋಡುವುದು. ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ವಾಲ್ವಿನ ಹತ್ತಿರದ ಮನೆಯಲ್ಲಿ ನಿಂಬೆಸಿಪ್ಪೆಯಂಥ ಹಳದಿ ಬಂತು. ಓಣಿಯ ಕಡೇ ಮನೆಯಲ್ಲಿ, ಇಳಿಜಾರಿನ ತುದಿಯಲ್ಲಿ, ನಳಿಗೆ ಬಣ್ಣವನ್ನೇ ತೋರಲಿಲ್ಲ. ಅದೇ ನೀರು, ಅದೇ ಪೈಪು. ಆ ಮನೆಯ ಅಜ್ಜಿಗೆ ಮಾತ್ರ ಖುಷಿ: ‘ನಮ್ಮನಿ ನೀರಿಗೆ ಔಷಧಿ ವಾಸನೀನ ಇಲ್ಲ ನೋಡವಾ.’ ಆ ವಾಸನೆಯೇ ಕಾವಲು ಎಂದು ತಿಳಿಸಿ ಹೇಳಲು ಎರಡು ಕಪ್ ಚಹಾ ಹಿಡಿಯಿತು. ನಾಣ್ಯ ಹಾಕಿ ತರುವ ಕ್ಯಾನಿನ ನೀರಿಗೂ ಇದೇ ಕಥೆ: ಆರ್‌ಓ ನೀರಿನಲ್ಲಿ ಕ್ಲೋರಿನ್ ಉಳಿಯುವುದಿಲ್ಲ, ಕೈ ತಾಗಿದ ಲೋಟ ಮುಳುಗಿಸಿದರೆ ಅದೂ ಕೆಡುತ್ತದೆ.

ದೂರು ಕೊಡಲು ಹೋದಾಗ ಎರಡನೇ ಪಾಠ. ಒಂದು ಕಚೇರಿಯವರು, ಈಗ ನಿಮ್ಮ ಓಣಿಗೂ ನೀರು ಬಿಡುವುದು ಕಂಪನಿ, ಅಲ್ಲಿ ಕೇಳ್ರಿ ಅಂದರು. ಕಂಪನಿಯ ಕಡೆಯವರು, ಪೈಪು ಹಳೇದ್ರಿ, ಅದು ನಮ್ಮದಲ್ಲ ಅಂದರು. ತೋರಿಸಿದ ಲ್ಯಾಬ್ ವರದಿ ಚೊಕ್ಕಟವಾಗಿತ್ತು. ಮಾದರಿ ತೆಗೆದದ್ದು ಮಾತ್ರ ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ. ಅಲ್ಲಿಂದ ನಮ್ಮ ಕಡೇ ಮನೆಗೆ ಎಷ್ಟು ಗಟಾರ ದಾಟಬೇಕೆಂದು ವರದಿಗೇನು ಗೊತ್ತು!

ಖಾಸಗೀಕರಣವೆಂದರೆ ಎಲ್ಲ ಕಡೆ ಒಂದೇ ಅಲ್ಲ. ಇಂಗ್ಲೆಂಡಿನಲ್ಲಿ 1989ರಲ್ಲಿ ಪೈಪು, ಕೆರೆ, ಶುದ್ಧೀಕರಣ ಘಟಕ ಸಮೇತ ಮಾರಿಬಿಟ್ಟರು. ಪ್ಯಾರಿಸ್ ನಗರ 2010ರಲ್ಲಿ ಕಂಪನಿಗಳ ಕೈಯಿಂದ ನೀರನ್ನು ಮರಳಿ ತಾನೇ ವಹಿಸಿಕೊಂಡಿತು. ನಮ್ಮಲ್ಲಿ ಕಂಪನಿ ಗುತ್ತಿಗೆಯ ಮೇಲೆ ನಡೆಸುತ್ತದೆ, ಸೊತ್ತು ಸಾರ್ವಜನಿಕರದ್ದು. ನನ್ನ ಮಟ್ಟಿಗೆ, ಯಾರು ನಡೆಸುತ್ತಾರೆ ಎಂಬುದಕ್ಕಿಂತ ಗುತ್ತಿಗೆಯಲ್ಲಿ ಏನು ಬರೆದಿದೆ ಎಂಬುದು ದೊಡ್ಡದು. ಎಷ್ಟು ಮೀಟರು ಕೂಡಿಸಿದರು, ಎಷ್ಟು ಕಿಲೋಮೀಟರು ಪೈಪು ಹಾಕಿದರು ಎಂಬುದಕ್ಕಷ್ಟೇ ಹಣ ಕೊಟ್ಟರೆ, ಕಡೇ ಮನೆಯ ನಳದಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ಯಾವ ಕಂಪನಿಯೂ ತಾನಾಗಿ ನೋಡುವುದಿಲ್ಲ. ಹಾಗೆ ನೋಡಿದರೆ, ಯಾರೂ ಕೇಳದಿದ್ದಾಗ ಪಾಲಿಕೆಯೂ ನೋಡಲಿಲ್ಲ.

ಪಾಲಿಕೆ ಮಾಹಿತಿ ಹಕ್ಕಿನ ಅಡಿ ಬರುತ್ತದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಗುತ್ತಿಗೆಯ ಪ್ರತಿ ಕೇಳಿ. ನಿಮ್ಮ ವಾರ್ಡಿನಲ್ಲಿ ನೀರಿನ ಮಾದರಿ ಯಾವ ತಾರೀಖು, ಯಾವ ನಳದಿಂದ ತೆಗೆದರು, ಕ್ಲೋರಿನ್ ಎಷ್ಟಿತ್ತು ಎಂದು ಕೇಳಿ. ಟ್ಯಾಂಕಿನ ವರದಿ ಕೊಟ್ಟರೆ ಸುಮ್ಮನಾಗಬೇಡಿ, ಕಡೇ ಮನೆಯದ್ದೇ ಬೇಕೆನ್ನಿ.