ಕಡಿಮೆ ದರ ಕೇಳಬೇಡಿ, ಲೆಕ್ಕ ಕೇಳಿ

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ಎಲೆಕ್ಟ್ರೋಪ್ಲೇಟಿಂಗ್ ಘಟಕವಿದೆ. ನಮ್ಮ ಕೆಲಸ ನಿಂತಿರುವುದೇ ನೀರಿನ ಮೇಲೆ. ಕಾವೇರಿ ನೀರಿನ ಬಿಲ್ ಒಂದು ಕಡೆಯಾದರೆ, ಸಾಲದಾದಾಗ ಟ್ಯಾಂಕರ್ ಖರ್ಚು ಇನ್ನೊಂದು ಕಡೆ. ಅಕ್ಕಪಕ್ಕದ ಘಟಕದವರೆಲ್ಲ ಸೇರಿ ಶಾಸಕರನ್ನು ಕಾಣಬೇಕೆಂದು ತೀರ್ಮಾನಿಸಿ, ಮಾತನಾಡುವ ಹೊಣೆಯನ್ನು ನನ್ನ ತಲೆಗೆ ಕಟ್ಟಿದ್ದಾರೆ. ರಾಜಕಾರಣಿಗಳ ಮುಂದೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಹೆಸರು ಮುಂದೆ ಬಂದರೆ ನಾಳೆ ಅಧಿಕಾರಿಗಳು ತಪಾಸಣೆಗೆ ಬಂದಾರೆಂಬ ಭಯ ಬೇರೆ. ಲಗ್ಗೆರೆಯಲ್ಲಿರುವ ನಮ್ಮ ಕೆಲಸದವರ ಮನೆಗಳಿಗೇ ಬೇಸಿಗೆಯಲ್ಲಿ ಸರಿಯಾಗಿ ನೀರು ಬರುವುದಿಲ್ಲ. ಹೀಗಿರುವಾಗ ಕಾರ್ಖಾನೆಗೆ ಅಗ್ಗದ ನೀರು ಕೊಡಿ ಎಂದು ಕೇಳುವುದು ಸರಿಯೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದು ನಿಮ್ಮನ್ನು ಕಾಡುತ್ತಿದೆ ಎಂಬುದೇ ಈ ಕೆಲಸಕ್ಕೆ ನೀವು ತಕ್ಕವರು ಎಂಬುದಕ್ಕೆ ಸಾಕ್ಷಿ.

ಜಲಮಂಡಳಿಯ 2014ರ ದರಪಟ್ಟಿಯಲ್ಲಿ ಮನೆಗಳ ಮೊದಲ 8 ಸಾವಿರ ಲೀಟರಿಗೆ ಸಾವಿರ ಲೀಟರಿನ ದರ 7 ರೂಪಾಯಿ ಇತ್ತು. ಕೈಗಾರಿಕೆಗೆ 90 ರೂಪಾಯಿ. ಬಡವರ ಮನೆಗೆ ನೀರು ಅಗ್ಗವಾಗಿಯೇ ಸಿಗಬೇಕು, ಇದರಲ್ಲಿ ಎರಡು ಮಾತಿಲ್ಲ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಕಾವೇರಿಯನ್ನು ಪಂಪ್ ಮಾಡುವ ವಿದ್ಯುತ್ ಖರ್ಚನ್ನು ಯಾರಾದರೂ ಕೊಡಲೇಬೇಕು. ಸಂಪಾದನೆಗಾಗಿ ನೀರು ಬಳಸುವವರು ಹೆಚ್ಚು ಕೊಡುವುದೂ ನ್ಯಾಯವೇ. ಆದರೆ ಎಷ್ಟು ಹೆಚ್ಚು? ಯಾವ ಲೆಕ್ಕದ ಮೇಲೆ?

ಇದರ ಇನ್ನೊಂದು ಮುಖ ನೋಡಿ. 2024ರ ಬೇಸಿಗೆಯಲ್ಲಿ ನಗರ ಜಿಲ್ಲಾಡಳಿತ ಟ್ಯಾಂಕರ್‌ಗಳಿಗೆ ದರ ನಿಗದಿ ಮಾಡಿದಾಗ, ಐದು ಕಿಲೋಮೀಟರ್ ಒಳಗೆ 12 ಸಾವಿರ ಲೀಟರಿಗೆ ತೆರಿಗೆ ಬಿಟ್ಟು 1,000 ರೂಪಾಯಿ ಎಂದಿತು. ಸಾವಿರ ಲೀಟರಿಗೆ 83 ರೂಪಾಯಿ ಚಿಲ್ಲರೆ ಬಿತ್ತು. ಅಂದರೆ ಸರ್ಕಾರಿ ಕಾಗದದ ಪ್ರಕಾರವೇ, ತೆರಿಗೆ ಬಿಟ್ಟರೆ, ಟ್ಯಾಂಕರಿನ ಕೊಳವೆಬಾವಿ ನೀರು ಆಗ ಕೈಗಾರಿಕೆಯ ಕಾವೇರಿ ನೀರಿಗಿಂತ ಅಗ್ಗವಾಗಿತ್ತು. ಹೀಗಾದಾಗ ಕಾರ್ಖಾನೆ ಸಹಜವಾಗಿ ಟ್ಯಾಂಕರ್ ಕಡೆ ತಿರುಗುತ್ತದೆ. ಆ ಟ್ಯಾಂಕರ್ ತುಂಬುವುದು ಲಗ್ಗೆರೆ, ಹೆಗ್ಗನಹಳ್ಳಿಯಂಥ ಬಡಾವಣೆಗಳ ಜನರೂ ನೆಚ್ಚಿಕೊಂಡಿರುವ ಅಂತರ್ಜಲದಿಂದ. ನಲ್ಲಿ ನೀರಿನ ದರ ಲೆಕ್ಕಕ್ಕೆ ಸಿಗದಂತೆ ಏರಿದಷ್ಟೂ ನಿಮ್ಮ ಕೆಲಸದವರ ಬೋರ್‌ವೆಲ್ ಬೇಗ ಬತ್ತುತ್ತದೆ. ನೀವು ಶಾಸಕರ ಮುಂದೆ ಇಡಬೇಕಾದ ವಾದ ಇದೇ. ಇದರಲ್ಲಿ ನಿಮ್ಮ ಕೆಲಸದವರ ಹಿತವೂ ನಿಮ್ಮ ಹಿತವೂ ಒಂದೇ, ಅಳುಕು ಬೇಡ.

ಹಾಗಾದರೆ ಏನು ಕೇಳಬೇಕು? "ದರ ಇಳಿಸಿ" ಎಂದರೆ "ನೋಡೋಣ" ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ದರ ನಿಗದಿಗೆ ಮುನ್ನ ವಿಚಾರಣೆ ನಡೆಸಿ ಎಂದು ಕೇಳಿ. ವಿದ್ಯುತ್ ದರ ಏರಿಸಬೇಕಾದರೆ ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳು ವಿದ್ಯುತ್ ನಿಯಂತ್ರಣ ಆಯೋಗದ (ಕೆಇಆರ್‌ಸಿ) ಮುಂದೆ ಲೆಕ್ಕ ಒಪ್ಪಿಸಬೇಕು. ಕಾಸಿಯಾ, ಎಫ್‌ಕೆಸಿಸಿಐಯಂಥ ಉದ್ಯಮ ಸಂಘಗಳು ಆಕ್ಷೇಪಣೆ ಸಲ್ಲಿಸುತ್ತವೆ, ಬಹಿರಂಗ ವಿಚಾರಣೆ ನಡೆಯುತ್ತದೆ. ಬೆಂಗಳೂರಿನ ನೀರಿಗೆ ಅಂಥ ಏರ್ಪಾಡಿಲ್ಲ. 2014ರ ನಂತರ ಹನ್ನೊಂದು ವರ್ಷ ಸುಮ್ಮನಿದ್ದು 2025ರ ಏಪ್ರಿಲ್‌ನಲ್ಲಿ ದರ ಏರಿಸಿದರು, ವರ್ಷವರ್ಷವೂ ಶೇ. 3 ಏರಿಕೆಯನ್ನೂ ಅದರೊಂದಿಗೇ ಸೇರಿಸಿದರು. ಮಹಾರಾಷ್ಟ್ರ 2005ರಲ್ಲೇ ಜಲಸಂಪನ್ಮೂಲ ನಿಯಂತ್ರಣ ಪ್ರಾಧಿಕಾರ ರಚಿಸಿ, ಜಲಾಶಯಗಳ ಸಗಟು ನೀರಿನ ದರವನ್ನು ಬಳಕೆದಾರರ ಮಾತು ಕೇಳಿ ನಿರ್ಧರಿಸುವ ಪದ್ಧತಿ ತಂದಿತು. ಇಲ್ಲಿಯೂ ಅದನ್ನು ಕೇಳುವ ಹಕ್ಕು ನಿಮಗಿದೆ.

ಶಾಸಕರಿಂದ ಏನಾದೀತು ಎಂದು ನಿಮ್ಮ ಜೊತೆಯವರು ಕೇಳಬಹುದು. ದರಕ್ಕೆ ಸರ್ಕಾರದ ಒಪ್ಪಿಗೆ ಬೇಕು, ಸರ್ಕಾರ ಸದನಕ್ಕೆ ಉತ್ತರ ಕೊಡಬೇಕು. ಚುಕ್ಕೆ ಗುರುತಿನ ಪ್ರಶ್ನೆ, ಗಮನ ಸೆಳೆಯುವ ಸೂಚನೆ, ಮಂಡಳಿಯ ಅಧಿಕಾರಿಗಳನ್ನು ಕೂರಿಸಿಕೊಂಡು ಒಂದು ಸಭೆ: ಈ ಮೂರೂ ಅವರ ಕೈಯಲ್ಲಿವೆ. ನಿಮ್ಮ ಮನವಿಯಲ್ಲಿ ಇವುಗಳಲ್ಲಿ ಒಂದನ್ನು ಹೆಸರಿಸಿಯೇ ಕೇಳಿ. ಪ್ರಶ್ನೆಯ ಒಕ್ಕಣೆಯನ್ನೂ ಬರೆದುಕೊಟ್ಟರೆ ಅವರ ಆಪ್ತ ಸಹಾಯಕರಿಗೆ ಅರ್ಧ ಕೆಲಸ ಮುಗಿದಂತೆ. ವಿಧಾನ ಪರಿಷತ್ ಸದಸ್ಯರನ್ನೂ ಮರೆಯಬೇಡಿ. ನನ್ನ ಅನುಭವದಲ್ಲಿ ಇಂಥ ವಿಷಯವನ್ನು ಕೂತು ಓದುವ ವ್ಯವಧಾನ ಅವರಿಗೆ ಹೆಚ್ಚು.

ಬೆಳಿಗ್ಗೆ ಶಾಸಕರ ಮನೆ ಕಚೇರಿ ಹೇಗಿರುತ್ತದೆ ಗೊತ್ತೇ? ವರಾಂಡದಲ್ಲಿ ಪಿಂಚಣಿ, ಆಸ್ಪತ್ರೆ ಬಿಲ್, ಶಾಲೆ ಸೀಟು ಎಂದು ಅರ್ಜಿ ಹಿಡಿದವರು ತುಂಬಿರುತ್ತಾರೆ. ಶಾಸಕರು ನಿಂತೇ ಓದುತ್ತಾರೆ, ನಡುವೆ ಫೋನ್. ನಿಮಗೆ ಸಿಗುವ ಹೊತ್ತು ಎರಡು ಮೂರು ನಿಮಿಷ. ಅದನ್ನು ಶಾಲು, ಹಾರ, ಫೋಟೋಗೆ ಕೊಡಬೇಡಿ. ನಿಮ್ಮ ಕೈಗಾರಿಕಾ ಸಂಘದ ಲೆಟರ್‌ಹೆಡ್‌ನಲ್ಲಿ ಒಂದೇ ಹಾಳೆ, ಕನ್ನಡದಲ್ಲಿ. ಅದರಲ್ಲಿ ನಿಮ್ಮ ಘಟಕಗಳ ತಿಂಗಳ ನೀರಿನ ಬಳಕೆ, ಬಿಲ್, ಟ್ಯಾಂಕರ್ ಖರ್ಚು ಮತ್ತು ಎಷ್ಟು ಜನರಿಗೆ ಕೆಲಸ ಕೊಟ್ಟಿದ್ದೀರಿ ಎಂಬುದು ಇರಲಿ. ಮಾಲೀಕರ ಮತ ಹೆಚ್ಚಾಗಿ ಬೇರೆ ಕ್ಷೇತ್ರದಲ್ಲಿರುತ್ತದೆ ಎಂಬುದು ಶಾಸಕರಿಗೆ ಗೊತ್ತು. ಆದ್ದರಿಂದ ಲಗ್ಗೆರೆಯ ನಿಮ್ಮ ಕೆಲಸದ ಹೆಣ್ಣುಮಗಳೊಬ್ಬಳನ್ನು ಜೊತೆಗೆ ಕರೆದೊಯ್ಯಿರಿ, ಮನೆಯ ನೀರಿನ ಕಷ್ಟವನ್ನು ಅವಳ ಬಾಯಲ್ಲೇ ಹೇಳಿಸಿ. ಬರುವಾಗ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಭಯದ ವಿಷಯ. ಒಬ್ಬರೇ ಹೋದರೆ ನಿಮ್ಮ ಹೆಸರು ಮುಂದೆ ಬರುತ್ತದೆ, ಸಂಘವಾಗಿ ಹೋದರೆ ಸಂಘದ ಹೆಸರು. ಆದರೂ ಹೋಗುವ ಮುನ್ನ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ, ಬೋರ್‌ವೆಲ್ ನೋಂದಣಿ, ಮೀಟರ್ ಎಲ್ಲವೂ ಸರಿಯಾಗಿವೆಯೇ ನೋಡಿಕೊಳ್ಳಿ. ಕಾಗದಪತ್ರ ನೆಟ್ಟಗಿದ್ದರೆ ಮಾತಿನಲ್ಲಿ ಧೈರ್ಯ ತಾನಾಗಿ ಬರುತ್ತದೆ.

"ನೀವು ನೀರು ಉಳಿಸಲು ಏನು ಮಾಡಿದ್ದೀರಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ಲೇಟಿಂಗ್ ಆದ ಮಾಲನ್ನು ಹರಿಯುವ ನೀರಿನ ಒಂದೇ ತೊಟ್ಟಿಯಲ್ಲಿ ಅದ್ದಿ ತೊಳೆಯುವ ಘಟಕಗಳು ಇಂದಿಗೂ ಇವೆ. ಮೂರು ತೊಟ್ಟಿ ಸಾಲಾಗಿಟ್ಟು, ಮಾಲು ಮೊದಲನೆಯದರಿಂದ ಮೂರನೆಯದಕ್ಕೆ, ನೀರು ಮೂರನೆಯದರಿಂದ ಮೊದಲನೆಯದಕ್ಕೆ ಹರಿಯುವಂತೆ ಮಾಡಿದರೆ ಅಷ್ಟೇ ಶುದ್ಧವಾಗಿ ತೊಳೆಯಲು ಹಿಂದಿನ ನೀರಿನ ಸಣ್ಣ ಪಾಲು ಸಾಕು. ನಿಮ್ಮಲ್ಲಿ ಇದು ಇಲ್ಲದಿದ್ದರೆ ಮಾಡಿಸಿ, ಇದ್ದರೆ ಮನವಿಯಲ್ಲಿ ಬರೆಯಿರಿ. ಶೌಚಾಲಯಕ್ಕೆ, ಗಿಡಗಳಿಗೆ ಸಂಸ್ಕರಿಸಿದ ನೀರನ್ನು ಕೊಳವೆಯಲ್ಲಿ ಕೊಟ್ಟರೆ ಕೊಳ್ಳಲು ಸಿದ್ಧ ಎಂದೂ ಸೇರಿಸಿ.

ಇದೆಲ್ಲಕ್ಕೂ ಮೊದಲು ಮಾಡಬೇಕಾದ್ದು ಒಂದಿದೆ. ಸಾವಿರ ಲೀಟರ್ ನೀರು ಪೀಣ್ಯ ಮುಟ್ಟಿಸಲು ತಗಲುವ ವೆಚ್ಚ ಎಷ್ಟು, ಕೈಗಾರಿಕಾ ದರ ನಿಗದಿಯ ಟಿಪ್ಪಣಿ ಹಾಳೆಗಳು ಎಲ್ಲಿವೆ ಎಂದು ಮಾಹಿತಿ ಹಕ್ಕಿನಡಿ ಮಂಡಳಿಯನ್ನು ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಅಧಿವೇಶನಕ್ಕೆ ಮುಂಚೆ ಆ ಉತ್ತರ ನಿಮ್ಮ ಕೈಯಲ್ಲಿರಬೇಕು, ಅರ್ಜಿಯನ್ನು ಈ ವಾರವೇ ಹಾಕಿ.