ಸೋಡಚೀಟಿಗೂ ಮುಂಚೆ ಮಗಳ ಪಾಲು

"ಇನ್ನೂ ಸೋಡಚೀಟಿ ಆಗಿಲ್ಲ, ಈಗ್ಲೇ ರೊಕ್ಕ ಹೆಂಗ ಕೇಳ್ತಿ ತಂಗಿ?" ಮಗಳನ್ನು ಕರೆದುಕೊಂಡು ಬ್ಯಾಡಗಿಯ ತವರಿಗೆ ಬಂದಾಗ ಹಿರಿಯರೆಲ್ಲ ಇದನ್ನೇ ಕೇಳಿದರು. ಕಾನೂನು ಹಾಗೆ ಹೇಳುವುದಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಮದುವೆ ಉಳಿದಿರುವಾಗಲೇ ಅದರಡಿ ಜೀವನಾಂಶ ಕೇಳಬಹುದು. ಗಂಡ ರಾಣೆಬೆನ್ನೂರಿನಲ್ಲಿದ್ದರೂ ನಾವಿರುವ ಕಡೆಯ ಕೋರ್ಟಿನಲ್ಲೇ ಅರ್ಜಿ ನಡೆಯುತ್ತದೆ. ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯ ವಕೀಲರು ಪುಕ್ಕಟೆ.

ತೊಡಕಿರುವುದು ಗಳಿಕೆ ತೋರಿಸುವುದರಲ್ಲಿ. ನೌಕರದಾರನಾದರೆ ಪಗಾರದ ಚೀಟಿ ಇರುತ್ತದೆ. ಮೆಣಸಿನಕಾಯಿ ನಂಬಿದ ಮನೆಯಲ್ಲಿ ರೊಕ್ಕ ಬರುವುದು ಜನವರಿಯಿಂದ ಬೇಸಿಗೆವರೆಗೆ, ಅದೂ ಬಹುಪಾಲು ಕೈಯಿಂದ ಕೈಗೆ. ಶಾಲೆಯ ಫೀ ಕೇಳುವುದು ಜೂನ್‌ನಲ್ಲಿ, ಪೇಟೆ ತಣ್ಣಗಾದ ಮೇಲೆ. "ರೇಟು ಬಿತ್ತು, ನನಗ ಸಾಲ ಐತಿ" ಎಂಬ ಉತ್ತರ ಆಗ ಸಿದ್ಧ. ರೇಟು ಬೀಳುವುದು ಸುಳ್ಳಲ್ಲ. 2024ರ ಮಾರ್ಚಿನಲ್ಲಿ ಸಿಟ್ಟಿಗೆದ್ದ ರೈತರು ಇಲ್ಲಿನ ಎಪಿಎಂಸಿ ಕಚೇರಿಗೆ ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಆದರೆ ಬಿದ್ದ ರೇಟಿನಲ್ಲೂ ಟ್ರ್ಯಾಕ್ಟರಿನ ಕಂತು ಕಟ್ಟುವವರಿಗೆ ಮಗಳ ಫೀ ಕಟ್ಟಲಾಗದೆ?

2020ರ ನವೆಂಬರ್‌ನಲ್ಲಿ ರಜನೇಶ್ ವಿರುದ್ಧ ನೇಹಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲ, ಖರ್ಚನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕೆಂದಿತು. ಹಾಗಾಗಿ ಹೊಲದ ಉತಾರ, ದಲಾಲಿ ಅಂಗಡಿಯ ಪಟ್ಟಿಗಳ ಫೋಟೊ, ಟ್ರ್ಯಾಕ್ಟರ್ ನೋಂದಣಿ, ಮಗಳ ಫೀ ಮತ್ತು ಔಷಧಿ ರಸೀದಿ, ಎಲ್ಲವನ್ನೂ ಒಂದು ಕಡತದಲ್ಲಿ ಕೂಡಿಸಿದೆ. ಅದೇ ತೀರ್ಪಿನ ಪ್ರಕಾರ ಜೀವನಾಂಶದ ಲೆಕ್ಕ ಅರ್ಜಿ ಹಾಕಿದ ದಿನದಿಂದ ಶುರು. ಸೋಡಚೀಟಿಗಾಗಿ ಕಾದ ಪ್ರತಿ ತಿಂಗಳೂ ಮಗುವಿಗೆ ನಷ್ಟ, ಅದಕ್ಕೇ ನಾನು ಹಿರಿಯರ ಮಾತಿಗೆ ಒಪ್ಪಲಿಲ್ಲ. ಮಧ್ಯಂತರ ಜೀವನಾಂಶದ ಅರ್ಜಿಯನ್ನಂತೂ ನೋಟಿಸು ತಲುಪಿದ 60 ದಿನಗಳಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ, ಮುಗಿಸಬೇಕೆಂದು ಕಾನೂನೇ ಹೇಳುತ್ತದೆ.

ಅರ್ಜಿಯಲ್ಲಿ ಮಗಳ ಮೊತ್ತವನ್ನು ನನ್ನದರಿಂದ ಬೇರೆಯಾಗಿ ಬರೆಸಿದೆ. ಹೆಂಡತಿ ಕಾರಣವಿಲ್ಲದೆ ಮನೆ ಬಿಟ್ಟಳೆಂದು ವಾದಿಸಿ ಆಕೆಯ ಜೀವನಾಂಶ ತಪ್ಪಿಸಲು ನೋಡಬಹುದು; ಆ ವಾದ ಮಗುವಿನ ಪಾಲನ್ನು ಮುಟ್ಟುವುದಿಲ್ಲ. ನಾನು ದುಡಿಯುತ್ತೇನೆ ಎಂಬುದರಿಂದ ಅಪ್ಪನ ಹೊಣೆಯೂ ತೀರುವುದಿಲ್ಲ.

"ಕಾಯಿ ಮಾರಿದ ಮ್ಯಾಲೆ ಒಮ್ಮೆಲೇ ಕೊಡ್ತೀವಿ" ಎಂದು ಅವರ ಕಡೆಯವರು ರಾಜಿಗೆ ಬಂದರು. ನಾನು ಒಪ್ಪಲಿಲ್ಲ. ತಿಂಗಳು ತಿಂಗಳು ಬ್ಯಾಂಕಿಗೇ ಬರಲಿ ಎಂದೆ. ಪಾಸ್‌ಬುಕ್ಕಿನಲ್ಲಿ ತಪ್ಪಿದ ತಿಂಗಳು ಕಣ್ಣಿಗೆ ಕಾಣುತ್ತದೆ. ಬಾಕಿ ಉಳಿದರೆ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ವಾರಂಟಿಗೂ ಬಗ್ಗದಿದ್ದರೆ ಬಾಕಿಯ ಒಂದೊಂದು ತಿಂಗಳಿಗೆ ಒಂದು ತಿಂಗಳವರೆಗೆ ಜೈಲು, ಜೈಲಿಗೆ ಹೋಗಿ ಬಂದರೂ ಬಾಕಿ ಬಾಕಿಯೇ.